ಡೇಟಾಬೇಸಿನಿಂದ ಕಾಗದಕ್ಕೆ: ಪ್ರಿಂಟ್ ತೆಗೆಯಲು ಯಾವ ದಾರಿ?

ಸಂಘ-ಸಂಸ್ಥೆಗಳಿಗೆ ಡೇಟಾಬೇಸ್ ಪ್ರೋಗ್ರಾಂ ಬರೆಸುವಾಗ ಮಾತೆಲ್ಲ ಎಂಟ್ರಿ ಸ್ಕ್ರೀನಿನ ಸುತ್ತಲೇ ಇರುತ್ತದೆ. ಹೆಸರು ಎಲ್ಲಿ ಹಾಕಬೇಕು, ಫೋಟೊ ಎಲ್ಲಿ ಬರಬೇಕು, ಹುಡುಕುವುದು ಹೇಗೆ. ಪ್ರಿಂಟಿನ ಪ್ರಸ್ತಾಪ ಬಂದರೆ "ಅದಕ್ಕೇನು ಸಾರ್, ಕೊನೇಲಿ ಒಂದು ಬಟನ್ ಕೊಡ್ತೀವಿ" ಎಂಬ ಉತ್ತರ. ಆಡಿಟರ್ ಬಂದು ಕೂತು ಗ್ರಾಮವಾರು ಬಾಕಿ ಪಟ್ಟಿ ಕೇಳಿದಾಗಲೇ ಆ ಬಟನ್ನಿನ ಹಿಂದೆ ಏನೂ ಇಲ್ಲ ಎಂದು ಗೊತ್ತಾಗುವುದು.

ಒಂದೇ ಉದಾಹರಣೆ ಹಿಡಿದುಕೊಂಡು ಹೋಗೋಣ. ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಸುಮಾರು 1,200 ಸದಸ್ಯರು, ಏಳೆಂಟು ಹಳ್ಳಿ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಬೇಕಾದ್ದು ನಾಲ್ಕು: ಸದಸ್ಯರೊಬ್ಬರ ಪೂರ್ತಿ ವಿವರದ ಹಾಳೆ, ಕೌಂಟರಿನಲ್ಲಿ ಕೊಡುವ ರಸೀದಿ, ಗ್ರಾಮವಾರು ಬಾಕಿದಾರರ ಪಟ್ಟಿ, ವಾರ್ಷಿಕ ಮಹಾಸಭೆಯ ನೋಟಿಸು ಮತ್ತದರ ವಿಳಾಸದ ಚೀಟಿ. ಶಾಲೆಯವರು ಇದನ್ನೇ ಅಂಕಪಟ್ಟಿ, ಶುಲ್ಕದ ರಸೀದಿ, ತರಗತಿವಾರು ಪಟ್ಟಿ ಎಂದು ಓದಿಕೊಳ್ಳಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ನಾಲ್ಕಕ್ಕೂ ಒಂದೇ ಸಾಧನ ಹುಡುಕುತ್ತ ಕೂರಬೇಡಿ. ಯಾವ ಸಾಫ್ಟ್‌ವೇರ್ ಎಂದು ಕೇಳುವ ಮುಂಚೆ ಒಂದು ಎ4 ಹಾಳೆ, ಸ್ಕೇಲು, ಪೆನ್ಸಿಲ್ ತೆಗೆದುಕೊಂಡು ಬೇಕಾದ ಕಾಗದವನ್ನು ಕೈಯಲ್ಲೇ ಬರೆಯಿರಿ. ಸಹಿ ಎಲ್ಲಿ, ಮೊತ್ತ ಎಲ್ಲಿ, ಹಳ್ಳಿ ಬದಲಾದಾಗ ಹೊಸ ಪುಟ ಬೇಕೋ ಬೇಡವೋ ಎಂದು ಗುರುತು ಹಾಕಿ. ಅರ್ಧ ಆಯ್ಕೆ ಅಲ್ಲೇ ಮುಗಿದಿರುತ್ತದೆ.

ಒಂದು ದಾಖಲೆಯೋ, ಪಟ್ಟಿಯೋ

ಪಹಣಿ ನೋಡಿ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದ ಈ ಕಾಗದ ಡೇಟಾಬೇಸಿನಿಂದ ಹೊರಬಿದ್ದ ಒಂದು ದಾಖಲೆಯ ಪ್ರಿಂಟಿಗೆ ಒಳ್ಳೆಯ ಮಾದರಿ. ಒಂದು ಸರ್ವೆ ನಂಬರು, ಅದಕ್ಕೆ ಸೇರಿದ್ದೆಲ್ಲ ಗೊತ್ತಾದ ಮನೆಗಳಲ್ಲಿ ಕೂತಿರುತ್ತದೆ. ಮಾಹಿತಿ ಇಲ್ಲದ ಮನೆಯೂ ಖಾಲಿಯಾಗಿ ಅಲ್ಲೇ ಇರಬೇಕು, ಜಾರಿ ಮೇಲೆ ಬರಬಾರದು. ಮತದಾರರ ಪಟ್ಟಿಯದು ಬೇರೆಯೇ ಕಥೆ. ಅಲ್ಲಿ ಸಾಲುಗಳ ಸಂಖ್ಯೆ ಎಷ್ಟೆಂದು ಮೊದಲೇ ತಿಳಿಯುವುದಿಲ್ಲ. ವಿಂಗಡಣೆ, ಗುಂಪು, ಪ್ರತಿ ಪುಟದ ಮೇಲೂ ಶೀರ್ಷಿಕೆ, ಪುಟಸಂಖ್ಯೆ ಇವೆಲ್ಲ ಬೇಕು.

ಈ ಎರಡನ್ನೂ ಬೆರೆಸಿದರೆ ಆಗುವ ಫಜೀತಿ ಮೈಕ್ರೋಸಾಫ್ಟಿನ ಡೇಟಾಬೇಸ್ ಪ್ರೋಗ್ರಾಂ ಆದ ಆಕ್ಸೆಸ್ ಬಳಸುವವರಿಗೆ ಗೊತ್ತು. ಪರದೆಯ ಮೇಲೆ ಒಬ್ಬ ಸದಸ್ಯರ ಫಾರ್ಮ್ ತೆರೆದಿದೆ ಎಂದು ಸುಮ್ಮನೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ 1,200 ಜನರದ್ದನ್ನೂ ಹೊರಹಾಕಲು ಶುರುಮಾಡುತ್ತದೆ. ಪ್ರಿಂಟ್ ಕಿಟಕಿಯಲ್ಲಿ 'ಸೆಲೆಕ್ಟೆಡ್ ರೆಕಾರ್ಡ್' ಆರಿಸಿದರೆ ಮಾತ್ರ ಒಬ್ಬರದ್ದು ಬರುತ್ತದೆ. ಬಂದರೂ ಬಟನ್ನು, ಬೂದು ಹಿನ್ನೆಲೆ, ಅರ್ಧ ಕತ್ತರಿಸಿದ ವಿಳಾಸ ಎಲ್ಲವೂ ಕಾಗದದ ಮೇಲೆ. ಫಾರ್ಮ್ ಇರುವುದು ಕಣ್ಣಿಗೆ ಮತ್ತು ಕೀಬೋರ್ಡಿಗೆ. ಪ್ರಿಂಟಿಗೆ ಬೇರೆ ರಿಪೋರ್ಟ್, ಅಂದರೆ ಕಾಗದಕ್ಕೆಂದೇ ಒಂದು ವಿನ್ಯಾಸ, ಮಾಡಿಕೊಳ್ಳುವುದೇ ಸರಿ.

ಎಕ್ಸೆಲ್‌ಗೆ ಇಳಿಸಿ ಪ್ರಿಂಟ್

ಎಲ್ಲರೂ ಮೊದಲು ಹಿಡಿಯುವ ದಾರಿ. ಆಡಿಟರ್ ಇವತ್ತು ಮಧ್ಯಾಹ್ನಕ್ಕೆ ಒಂದು ಪಟ್ಟಿ ಬೇಕು ಎಂದರೆ ಇದಕ್ಕಿಂತ ಬೇಗ ಆಗುವ ಬೇರೆ ದಾರಿಯಿಲ್ಲ. 'ಪ್ರಿಂಟ್ ಟೈಟಲ್ಸ್'ನಲ್ಲಿ ಮೇಲಿನ ಸಾಲು ಪ್ರತಿ ಪುಟಕ್ಕೂ ಬರುವಂತೆ ಮಾಡಿ, ಅಗಲವನ್ನು ಒಂದು ಪುಟಕ್ಕೆ ಹೊಂದಿಸಿದರೆ ಪಟ್ಟಿ ನೋಡುವಂತಿರುತ್ತದೆ. ವಿಂಡೋಸಿನ ರೀಜನ್ ಇಂಡಿಯಾ ಎಂದಿದ್ದರೆ ಮೊತ್ತಗಳಿಗೆ ಲಕ್ಷ-ಕೋಟಿಯ ಲೆಕ್ಕದಲ್ಲೇ ಅಲ್ಪವಿರಾಮ ಬೀಳುತ್ತದೆ.

ತೊಂದರೆ ಸಂಖ್ಯೆಯಂತೆ ಕಾಣುವ ಗುರುತುಗಳಲ್ಲಿದೆ. 12 ಅಂಕಿಯ ಆಧಾರ್ ಸಂಖ್ಯೆ 'ಜನರಲ್' ಕಾಲಂನಲ್ಲಿ ದಶಮಾಂಶ ಮತ್ತು 'ಇ' ಅಕ್ಷರದ ರೂಪಕ್ಕೆ ತಿರುಗುತ್ತದೆ. ಅದು ಬರೀ ತೋರಿಕೆ, ಫಾರ್ಮ್ಯಾಟ್ ಬದಲಿಸಿದರೆ ಸರಿಹೋಗುತ್ತದೆ. ಬ್ಯಾಂಕ್ ಖಾತೆ ಸಂಖ್ಯೆ 16 ಅಂಕಿ ಇದ್ದರೆ ಹಾನಿ ನಿಜವಾದದ್ದು: ಎಕ್ಸೆಲ್ 15 ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆಯಾದರೆ ಮೊದಲ ಸೊನ್ನೆಯೂ ಮಾಯ. ಇಳಿಸುವಾಗಲೇ ಆ ಕಾಲಂಗಳನ್ನು 'ಟೆಕ್ಸ್ಟ್' ಎಂದು ಗುರುತಿಸಬೇಕು.

ಇದಕ್ಕಿಂತ ದೊಡ್ಡ ತಕರಾರು ಬೇರೆ. ಇಳಿಸಿದ ಫೈಲು ಆ ಕ್ಷಣದ ನಕಲು. ಪ್ರಿಂಟಿಗೆ ಮುನ್ನ ಯಾರೋ ಅದರಲ್ಲೇ ಒಬ್ಬರ ಬಾಕಿ ತಿದ್ದುತ್ತಾರೆ, ಡೇಟಾಬೇಸಿನಲ್ಲಿ ತಿದ್ದುವುದಿಲ್ಲ. ಮುಂದಿನ ತಿಂಗಳು ಎರಡು ಲೆಕ್ಕ. ಹಾಗಾಗಿ ಒಂದೇ ಸಲ ಬೇಕಾಗುವ ಪಟ್ಟಿಗೆ ಎಕ್ಸೆಲ್ ಸಾಕು. ತಿಂಗಳಿಗೊಮ್ಮೆ ಬೇಕಾಗುವ ಪಟ್ಟಿಗೆ ನಾನು ಅದನ್ನು ಸೂಚಿಸುವುದಿಲ್ಲ.

ವರ್ಡ್ ಮೇಲ್ ಮರ್ಜ್

ಒಂದೇ ಪತ್ರದಲ್ಲಿ ಪಟ್ಟಿಯಿಂದ ಒಬ್ಬೊಬ್ಬರ ಹೆಸರು-ವಿಳಾಸ ತುಂಬಿಸಿ ಪ್ರತಿಯೊಬ್ಬರಿಗೂ ಒಂದು ಪ್ರತಿ ತೆಗೆಯುವ ಈ ಸೌಲಭ್ಯ ಮಹಾಸಭೆಯ ನೋಟಿಸಿಗೆ ಹೇಳಿ ಮಾಡಿಸಿದ್ದು. ಪತ್ರದ ಒಕ್ಕಣೆಯನ್ನು ಕಾರ್ಯದರ್ಶಿಗಳೇ ವರ್ಡ್‌ನಲ್ಲಿ ತಿದ್ದಬಹುದು, ಪ್ರೋಗ್ರಾಮರಿಗೆ ಫೋನ್ ಮಾಡಬೇಕಿಲ್ಲ. ನೇರವಾಗಿ ಆಕ್ಸೆಸ್‌ನ ಕ್ವೆರಿಗೇ (ಬೇಕಾದ ದಾಖಲೆಗಳನ್ನು ಆರಿಸಿ ಕೊಡುವ ಪ್ರಶ್ನೆಗೆ) ಜೋಡಿಸಿದರೆ ಎಕ್ಸೆಲ್ ನಕಲಿನ ಗೊಂದಲವೂ ತಪ್ಪುತ್ತದೆ. ಅಂಟಿಸುವ ಲೇಬಲ್ ಹಾಳೆಗೂ ಇದೇ ಸುಲಭ. ಲೇಬಲ್ ಕಂಪನಿಯ ಅಳತೆ ಆರಿಸಿಕೊಂಡು, ಮೊದಲ ಪ್ರತಿಯನ್ನು ಸಾದಾ ಹಾಳೆಯ ಮೇಲೆ ತೆಗೆದು, ಲೇಬಲ್ ಹಾಳೆಯ ಹಿಂದಿಟ್ಟು ಬೆಳಕಿಗೆ ಹಿಡಿದು ನೋಡಿ.

ದಿನಾಂಕಗಳ ಮೇಲೆ ಮಾತ್ರ ಕಣ್ಣಿರಲಿ. ಮೇಲ್ ಮರ್ಜ್‌ನಲ್ಲಿ ದಿನಾಂಕ ಅಮೆರಿಕದ ಕ್ರಮದಲ್ಲಿ, ತಿಂಗಳು ಮುಂದಾಗಿ ಬರುವುದುಂಟು. 05/09 ಎಂದರೆ ಸೆಪ್ಟೆಂಬರ್ ಐದೋ ಮೇ ಒಂಬತ್ತೋ ಎಂದು ಸದಸ್ಯರು ತಲೆ ಕೆರೆದುಕೊಳ್ಳಬೇಕು. ಫೀಲ್ಡಿನೊಳಗೆ ದಿನಾಂಕದ ಮಾದರಿ ಬರೆದರೆ ಸರಿಯಾಗುತ್ತದೆ. ಕ್ವೆರಿಯಲ್ಲೇ ಅದನ್ನು ಪಠ್ಯವಾಗಿ ಮಾಡಿ ಕಳಿಸುವುದು ಇನ್ನೂ ನೆಮ್ಮದಿ.

ಮೇಲ್ ಮರ್ಜ್ ಸೋಲುವುದು ಒಬ್ಬರಿಗೆ ಹಲವು ಸಾಲು ಇರುವ ಕಡೆ. ಒಬ್ಬ ಸದಸ್ಯರಿಗೆ ಬೆಳೆ ಸಾಲ, ಚಿನ್ನದ ಸಾಲ, ಟ್ರ್ಯಾಕ್ಟರ್ ಸಾಲ ಮೂರೂ ಇದ್ದು, ಬಾಕಿ ನೋಟಿಸಿನಲ್ಲಿ ಮೂರನ್ನೂ ಕೋಷ್ಟಕವಾಗಿ ತೋರಿಸಬೇಕೆಂದರೆ ಅದು ಮೂರು ಪತ್ರ ಮುದ್ರಿಸುತ್ತದೆ. ಸುತ್ತುಬಳಸಿ ಸಾಧಿಸುವ ಉಪಾಯಗಳಿವೆ, ಆದರೆ ಅಷ್ಟು ಕಷ್ಟಪಡುವುದಾದರೆ ರಿಪೋರ್ಟಿಗೇ ಹೋಗಬಹುದು.

ಆಕ್ಸೆಸ್ ರಿಪೋರ್ಟ್

1992ರಲ್ಲಿ ಬಂದ ಪ್ರೋಗ್ರಾಂ, ನೋಡಲು ಹಳತಾಗಿದೆ. ಆದರೂ ಸಣ್ಣ ಕಚೇರಿಯ ಗುಂಪು-ಮೊತ್ತದ ಪಟ್ಟಿಗೆ ಇದರ ರಿಪೋರ್ಟ್ ವಿನ್ಯಾಸಕ್ಕೆ ಸರಿಸಾಟಿಯಾದದ್ದು ನನಗೆ ಕಂಡಿಲ್ಲ. ಪುಟವನ್ನು ಅಡ್ಡಪಟ್ಟಿಗಳಾಗಿ ನೋಡುವುದು ಇದರ ಕ್ರಮ: ವರದಿಯ ತಲೆ, ಪುಟದ ತಲೆ, ಗುಂಪಿನ ತಲೆ, ವಿವರದ ಸಾಲು, ಆಮೇಲೆ ತಿರುವುಮುರುವು ಕ್ರಮದಲ್ಲಿ ಕೆಳಗಿನವು. ಗ್ರಾಮದ ಹೆಸರು ಗುಂಪಿನ ತಲೆಯಲ್ಲಿ, ಸದಸ್ಯರು ವಿವರದಲ್ಲಿ, ಗ್ರಾಮದ ಮೊತ್ತ ಗುಂಪಿನ ಕೊನೆಯಲ್ಲಿ. ಪೆನ್ಸಿಲ್ಲಿನಲ್ಲಿ ಬರೆದ ಹಾಳೆ ಇದ್ದರೆ ಇದು ಅರ್ಧ ದಿನದ ಕೆಲಸ.

ಗ್ರಾಮ ಬದಲಾದಾಗ ಹೊಸ ಪುಟ ಬೇಕೆಂದರೆ 'ಫೋರ್ಸ್ ನ್ಯೂ ಪೇಜ್', ಪಟ್ಟಿ ಮುಂದಿನ ಪುಟಕ್ಕೆ ಹರಿದಾಗ ಗ್ರಾಮದ ಹೆಸರು ಮತ್ತೆ ಬರಬೇಕೆಂದರೆ 'ರಿಪೀಟ್ ಸೆಕ್ಷನ್', ಉದ್ದದ ವಿಳಾಸ ಕತ್ತರಿಸದಿರಲು 'ಕ್ಯಾನ್ ಗ್ರೋ'. ಸಬ್‌ರಿಪೋರ್ಟ್ ಎಂಬ ಸೌಲಭ್ಯದಿಂದ ಒಬ್ಬ ಸದಸ್ಯರ ಹಾಳೆಯಲ್ಲೇ ಷೇರು, ಠೇವಣಿ, ಸಾಲ ಮೂರಕ್ಕೂ ಬೇರೆ ಬೇರೆ ಕೋಷ್ಟಕ ಕೂರಿಸಬಹುದು. ಮೇಲ್ ಮರ್ಜ್ ಸೋತ ಜಾಗವೇ ಇದು.

ಪದೇಪದೇ ಕೇಳಿಬರುವ ದೂರುಗಳಿಗೆ ಕಾರಣ ಸಣ್ಣವು. ಒಂದು ಬಿಟ್ಟು ಒಂದು ಪುಟ ಖಾಲಿ ಬರುತ್ತಿದ್ದರೆ ರಿಪೋರ್ಟಿನ ಅಗಲ ಮತ್ತು ಎರಡೂ ಅಂಚುಗಳನ್ನು ಕೂಡಿಸಿ ನೋಡಿ, ಎ4ನ 21 ಸೆಂ.ಮೀ. ದಾಟಿರುತ್ತದೆ. ಅಂಚು ಎರಡೆರಡು ಸೆಂ.ಮೀ. ಇದ್ದರೆ ವಿನ್ಯಾಸ 17ರೊಳಗೆ ಇರಬೇಕು. ಕ್ವೆರಿಯಲ್ಲಿ ಅಕಾರಾದಿಯಾಗಿ ಜೋಡಿಸಿದ್ದು ರಿಪೋರ್ಟಿನಲ್ಲಿ ಚೆಲ್ಲಾಪಿಲ್ಲಿಯಾದರೆ, ವಿಂಗಡಣೆಯನ್ನು ರಿಪೋರ್ಟಿನ ಒಳಗೇ ಹೇಳಬೇಕು. ಕ್ವೆರಿಯ ಕ್ರಮವನ್ನು ಅದು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಹೊಸ ರಸೀದಿ ಹೊಡೆದು ತಕ್ಷಣ ಪ್ರಿಂಟ್ ಒತ್ತಿದಾಗ ಖಾಲಿ ಬಂದರೆ ಆ ದಾಖಲೆ ಇನ್ನೂ ಸೇವ್ ಆಗಿಲ್ಲ ಎಂದರ್ಥ. ಬಟನ್ನಿನ ಕೋಡಿನಲ್ಲಿ ಮೊದಲು ಸೇವ್, ಆಮೇಲೆ ಆ ರಸೀದಿ ಸಂಖ್ಯೆಯ ಷರತ್ತಿನೊಡನೆ ರಿಪೋರ್ಟ್ ತೆರೆಯುವಂತಿರಬೇಕು.

ನಮ್ಮ ಲೆಕ್ಕದ ಪುಸ್ತಕಗಳ ಒಂದು ಪದ್ಧತಿ ಇಲ್ಲಿ ಪರೀಕ್ಷೆ ಒಡ್ಡುತ್ತದೆ: ಪ್ರತಿ ಪುಟದ ಕೆಳಗೆ ಆ ಪುಟದ ಮೊತ್ತ, ಮುಂದಿನ ಪುಟದ ಮೇಲೆ 'ಹಿಂದಿನ ಪುಟದಿಂದ ತಂದದ್ದು'. ಆಕ್ಸೆಸ್‌ನಲ್ಲಿ ಪುಟದ ಅಡಿಯಲ್ಲಿ ನೇರವಾಗಿ ಮೊತ್ತದ ಸೂತ್ರ ಹಾಕಿದರೆ ಎರರ್ ಬರುತ್ತದೆ. ವಿವರದ ಸಾಲಿನಲ್ಲಿ ಕಣ್ಣಿಗೆ ಕಾಣದ ಒಂದು 'ರನ್ನಿಂಗ್ ಸಮ್' ಪೆಟ್ಟಿಗೆ ಇಟ್ಟು, ಪುಟದ ಅಡಿಯಿಂದ ಅದನ್ನು ಓದಿಕೊಂಡರೆ ಅಲ್ಲಿಯವರೆಗಿನ ಮೊತ್ತ ಸಿಗುತ್ತದೆ. ಬರೀ ಆ ಪುಟದ ಮೊತ್ತವೇ ಬೇಕೆಂದರೆ ನಾಲ್ಕು ಸಾಲು ಕೋಡ್ ಬರೆಯಬೇಕು. ನಿಮ್ಮ ಆಡಿಟರ್ ಈ ಪದ್ಧತಿಗೆ ಪಟ್ಟು ಹಿಡಿಯುವವರಾದರೆ ಮುಂದೆ ಹೇಳುವ ಬ್ರೌಸರ್ ದಾರಿ ಬಿಟ್ಟುಬಿಡಿ.

ಕೊರತೆಯೂ ಇದೆ. ಇದು ವಿಂಡೋಸಿನಲ್ಲಷ್ಟೇ ನಡೆಯುತ್ತದೆ. ಡೇಟಾಬೇಸ್ ಫೈಲಿಗೆ 2 ಜಿಬಿ ಮಿತಿ. ಸದಸ್ಯರ ಫೋಟೊಗಳನ್ನು ಒಳಗೇ ತುಂಬದಿದ್ದರೆ ಸಣ್ಣ ಸಂಘಕ್ಕೆ ಅದು ಸಾಲದೆ ಹೋಗದು. ವಿನ್ಯಾಸ ಮಾಡುವ ಒಂದು ಯಂತ್ರಕ್ಕೆ ಲೈಸೆನ್ಸ್ ಬೇಕು, ಬರೀ ಬಳಸುವ ಉಳಿದ ಯಂತ್ರಗಳಿಗೆ ವಿನ್ಯಾಸದ ಸೌಲಭ್ಯವಿಲ್ಲದ ಉಚಿತ ರನ್‌ಟೈಮ್ ಸಾಕು. ಇದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಲಿಬ್ರೆಆಫೀಸ್ ಬೇಸ್

ಇದೂ ಆಕ್ಸೆಸ್‌ನಂಥ ಡೇಟಾಬೇಸ್ ಪ್ರೋಗ್ರಾಂ. ದುಡ್ಡು ಕೊಡಬೇಕಿಲ್ಲ, ಲಿನಕ್ಸಿನಲ್ಲೂ ನಡೆಯುತ್ತದೆ. ಇದರ ರಿಪೋರ್ಟ್ ಬಿಲ್ಡರಿಗೆ ಜಾವಾ ಎಂಬ ಬೇರೆ ಪ್ರೋಗ್ರಾಂ ಬೇಕು, ಅದನ್ನು ಹಾಕದೆ ರಿಪೋರ್ಟ್ ತೆರೆಯುತ್ತಿಲ್ಲ ಎಂದು ಒದ್ದಾಡುವವರೇ ಹೆಚ್ಚು. ಗುಂಪು ಮತ್ತು ಮೊತ್ತದ ಸರಳ ಪಟ್ಟಿಗೆ ಸಾಕು. ಸದಸ್ಯರ ಹಾಳೆಯಂಥ ಬಹುಕೋಷ್ಟಕದ ಕೆಲಸಕ್ಕೆ ಸಾಲದು. ನನಗೆ ಹಿಡಿಸಿದ್ದು, ಹೊರಬರುವ ವರದಿ ರೈಟರ್ (ಲಿಬ್ರೆಆಫೀಸಿನ ವರ್ಡ್) ಕಡತವಾಗಿರುತ್ತದೆ. ಕೊನೆಯಲ್ಲಿ ಅಧ್ಯಕ್ಷರ ಒಂದು ಟಿಪ್ಪಣಿ ಸೇರಿಸಿ ಪಿಡಿಎಫ್ ಮಾಡಬಹುದು. ಅದೇ ಕಾರಣಕ್ಕೆ ಅಂಕಿಗಳನ್ನೂ ತಿದ್ದಬಹುದು ಎಂಬುದನ್ನು ಮರೆಯಬೇಡಿ. ಕನ್ನಡ ಅಕ್ಷರದ ಗಾತ್ರ ಬದಲಾಗುತ್ತಿಲ್ಲ ಎನಿಸಿದರೆ ಫಾಂಟಿನ ಕಿಟಕಿಯಲ್ಲಿ 'ಸಿಟಿಎಲ್' ಭಾಗ ನೋಡಿ, ಕನ್ನಡದ ಅಳತೆ ಇರುವುದು ಅಲ್ಲಿ.

ಬ್ರೌಸರ್ ಮತ್ತು ಪಿಡಿಎಫ್

ಈಗ ಬರೆಸುವ ಪ್ರೋಗ್ರಾಂಗಳು ಬಹುಪಾಲು ಬ್ರೌಸರಿನಲ್ಲೇ ನಡೆಯುತ್ತವೆ. ಹಾಗಿದ್ದಲ್ಲಿ ಮುದ್ರಣಕ್ಕೆಂದೇ ಒಂದು ಪುಟ, ಅದಕ್ಕೊಂದು ಪುಟದ ರೂಪ ನಿರ್ಧರಿಸುವ ಪ್ರತ್ಯೇಕ ಸಿಎಸ್‌ಎಸ್ ಇರಬೇಕು. ಮೆನು ಮತ್ತು ಬಟನ್ ಅಡಗಬೇಕು, ಅಳತೆ ಎ4 ಎಂದು ನಮೂದಾಗಬೇಕು, ಸಾಲು ಅರ್ಧಕ್ಕೆ ಮುರಿಯಬಾರದು, ಕೋಷ್ಟಕದ ತಲೆಸಾಲು ಪ್ರತಿ ಪುಟದಲ್ಲಿ ಮರುಕಳಿಸಬೇಕು. ಇಷ್ಟೂ ಬ್ರೌಸರಿಗೆ ಸಾಧ್ಯ. ಬೇಡದ್ದೂ ಬರುತ್ತದೆ: ಪುಟದ ಮೂಲೆಯಲ್ಲಿ ವೆಬ್ ವಿಳಾಸ ಮತ್ತು ದಿನಾಂಕ. ಅದನ್ನು ಪ್ರಿಂಟ್ ಕಿಟಕಿಯಲ್ಲೇ ತೆಗೆಯಬೇಕು. ಹಿನ್ನೆಲೆಯ ಬಣ್ಣ ತಾನಾಗಿ ಮುದ್ರಣವಾಗುವುದಿಲ್ಲ, ಆದ್ದರಿಂದ ಬಾಕಿದಾರರನ್ನು ಕೆಂಪು ಹಿನ್ನೆಲೆಯಿಂದ ಮಾತ್ರ ಗುರುತಿಸಿದ್ದರೆ ಕಾಗದದಲ್ಲಿ ಎಲ್ಲರೂ ಒಂದೇ. ಒಂದು ದಾಖಲೆಯ ಹಾಳೆ, ರಸೀದಿ, ಹತ್ತಿಪ್ಪತ್ತು ಪುಟದ ಪಟ್ಟಿಗೆ ಈ ದಾರಿ ಚೆನ್ನ.

ಸರ್ವರಿನಲ್ಲೇ (ಪ್ರೋಗ್ರಾಂ ಇರುವ ಮುಖ್ಯ ಯಂತ್ರದಲ್ಲೇ) ಪಿಡಿಎಫ್ ತಯಾರಿಸುವುದು ಇನ್ನೊಂದು. ಎಲ್ಲ ಯಂತ್ರದಲ್ಲೂ ಒಂದೇ ರೂಪ, ವಾಟ್ಸಾಪಿಗೂ ಕಳಿಸಬಹುದು. ಆದರೆ ಕನ್ನಡ ಕೈಕೊಡುವುದು ಇಲ್ಲೇ. ಎಫ್‌ಪಿಡಿಎಫ್‌ನಂಥ ಪಿಎಚ್‌ಪಿ ಲೈಬ್ರರಿಗಳಿಗೆ (ಸಿದ್ಧ ಕೋಡಿನ ಕಟ್ಟುಗಳಿಗೆ) ಒತ್ತಕ್ಷರ ಕೂಡಿಸುವುದು ಗೊತ್ತಿಲ್ಲ. 'ಲಕ್ಷ್ಮಮ್ಮ' ಎಂಬ ಹೆಸರು ಒತ್ತುಗಳೆಲ್ಲ ಕಳಚಿ, ಅರ್ಧ ಅಕ್ಷರ ಅಲ್ಲಲ್ಲೇ ನಿಂತು, ಓದಲಾಗದಂತೆ ಮುದ್ರಣವಾಗುತ್ತದೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಕೊರತೆ ಜೋಡಿಸುವ ಯಂತ್ರದಲ್ಲಿದೆ. ಎಂಪಿಡಿಎಫ್ ಈ ಜೋಡಣೆ ಬಲ್ಲದು. ಪೈಥಾನ್ ಕಡೆ ವೀಸಿಪ್ರಿಂಟ್ ಸರಿ ಮಾಡುತ್ತದೆ. ಪರದೆಯಿಲ್ಲದೆ ನಡೆಸುವ ಕ್ರೋಮ್ ಬ್ರೌಸರಿನಿಂದ ಪಿಡಿಎಫ್ ತೆಗೆಸುವುದೂ ನಂಬಬಹುದಾದ ದಾರಿ. ಡಬ್ಲ್ಯುಕೆ‌ಎಚ್‌ಟಿಎಂಎಲ್‌ಟುಪಿಡಿಎಫ್ ಎಂಬುದನ್ನು ಈಗಲೂ ಸೂಚಿಸುವವರಿದ್ದಾರೆ. ಅದರ ಅಭಿವೃದ್ಧಿ ನಿಂತಿದೆ, ಹೊಸ ಕೆಲಸಕ್ಕೆ ಬೇಡ.

ಕ್ರಿಸ್ಟಲ್ ರಿಪೋರ್ಟ್ಸ್, ಜ್ಯಾಸ್ಪರ್ ರಿಪೋರ್ಟ್ಸ್, ಎಸ್‌ಕ್ಯುಎಲ್ ಸರ್ವರಿನ ರಿಪೋರ್ಟಿಂಗ್ ಸೇವೆ ಇವು ದೊಡ್ಡ ಕಚೇರಿಯ ರಿಪೋರ್ಟ್ ಸಾಧನಗಳು. ಜ್ಯಾಸ್ಪರಿನಲ್ಲಿ ಪುಟದ ಮೊತ್ತ ಸಲೀಸು, ಪ್ರತಿ ಪುಟಕ್ಕೂ ಸೊನ್ನೆಯಾಗುವ ಚರಾಂಕವೇ ಇದೆ. ಜಿಲ್ಲಾ ಬ್ಯಾಂಕಿಗೆ ಸರಿ, ನಮ್ಮ ಸಂಘದಲ್ಲಿ ಅದನ್ನು ನೋಡಿಕೊಳ್ಳುವವರು ಯಾರು?

ಕನ್ನಡದ ಎರಡು ತೊಡಕು

ಮೊದಲನೆಯದು ಹಳೆಯ ಫಾಂಟುಗಳದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಈಗಿನ ಪದ್ಧತಿ ಯೂನಿಕೋಡ್. ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ತುಂಬಿದ ಡೇಟಾ ಒಳಗೆ ಇಂಗ್ಲಿಷ್ ಅಕ್ಷರಗಳೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪ್ರಿಂಟ್ ಕೊಟ್ಟರೆ ತಲೆಯ ಮೇಲೆ ಗೀಟು-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅಕಾರಾದಿ ವಿಂಗಡಣೆಯೂ ಇಂಗ್ಲಿಷಿನ ಕ್ರಮದಲ್ಲಿ ನಡೆಯುತ್ತದೆ. ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ಸಾಧನದಲ್ಲಿ ಬರೆಸಿದ ಕನ್ನಡ ಪ್ರೋಗ್ರಾಂಗಳದ್ದೆಲ್ಲ ಇದೇ ಸ್ಥಿತಿ. ವಿಷುಯಲ್ ಫಾಕ್ಸ್‌ಪ್ರೊಗೆ ಯೂನಿಕೋಡ್ ಬರುವುದಿಲ್ಲ, ಮೈಕ್ರೋಸಾಫ್ಟಿನ ಬೆಂಬಲವೂ 2015ರ ಜನವರಿಗೆ ಮುಗಿಯಿತು. ಇಂಥ ಕಡೆ ಪ್ರಿಂಟಿನ ದಾರಿ ಆರಿಸುವ ಮೊದಲು ಡೇಟಾವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಹೆಸರುಗಳನ್ನು ಒಮ್ಮೆ ಕಣ್ಣಾರೆ ಓದಿ. ಅರ್ಕಾವತ್ತು ಇರುವ ಹೆಸರುಗಳನ್ನು ಮೊದಲು ನೋಡಿ.

ಎರಡನೆಯದು ಯೂನಿಕೋಡ್ ಆದಮೇಲೂ ಉಳಿಯುವಂಥದ್ದು. ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ವಕಾರಕ್ಕಿಂತ ಮುಂದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಬರೀ ಸಂಕೇತದ ಕ್ರಮದಲ್ಲಿ ವಿಂಗಡಿಸುವ ಡೇಟಾಬೇಸ್, ಉದಾಹರಣೆಗೆ ಯಾವ ಬದಲಾವಣೆಯನ್ನೂ ಮಾಡದ ಎಸ್‌ಕ್ಯುಲೈಟ್, 'ಕಳಸಪ್ಪ'ನನ್ನು 'ಕವಿತಾ'ಗಿಂತ ಮೊದಲು ಇಡುತ್ತದೆ. ಅನುಸ್ವಾರದ ಸಂಕೇತವೂ ಸ್ವರಗಳಿಗಿಂತ ಹಿಂದಿದೆ, ಹಾಗಾಗಿ 'ಅಂಬಿಕಾ' ಎಲ್ಲರಿಗಿಂತ ಮೇಲೆ. ಸದಸ್ಯ ಸಂಖ್ಯೆಯ ಕ್ರಮದಲ್ಲಿ ಮುದ್ರಿಸುವವರಿಗೆ ಇದರ ಚಿಂತೆ ಇಲ್ಲ. ಗೋಡೆಗೆ ಅಂಟಿಸಿ ಜನ ಹೆಸರು ಹುಡುಕಿಕೊಳ್ಳುವ ಪಟ್ಟಿಯಾದರೆ ಪ್ರೋಗ್ರಾಮರಿಗೆ ಮೊದಲೇ ಹೇಳಿ.

ರಸೀದಿಯಲ್ಲಿ 'ಅಕ್ಷರಗಳಲ್ಲಿ ರೂಪಾಯಿ' ಬರೆಯುವುದನ್ನು ಮೇಲಿನ ಯಾವುದೂ ಕನ್ನಡದಲ್ಲಿ ಸಿದ್ಧವಾಗಿ ಕೊಡುವುದಿಲ್ಲ. ತಮಾಷೆಯೆಂದರೆ ಎಕ್ಸೆಲ್‌ನಲ್ಲಿ ಥಾಯ್ ಭಾಷೆಗೆ ಅಂಥದ್ದೊಂದು ಸೂತ್ರ ಇದೆ, ಬಾತ್‌ಟೆಕ್ಸ್ಟ್ ಅಂತ. ನಮಗೆ ಬರೆಸಿಕೊಳ್ಳಬೇಕಾದ್ದೇ.

ಪ್ರಿಂಟರ್ ಯಾವುದು ಎಂಬುದೂ ಆಯ್ಕೆಯ ಭಾಗ

ಸಂಘಗಳ ಮೂಲೆಯಲ್ಲಿ ಇನ್ನೂ ಕಿರ್ರೆನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಒಂದು ಗುಣ ಬೇರೆಯವಕ್ಕಿಲ್ಲ: ಕಾಗದಕ್ಕೆ ಹೊಡೆದು ಅಚ್ಚೊತ್ತುವುದರಿಂದ ಕಾರ್ಬನ್ ಪ್ರತಿ ಒಂದೇ ಏಟಿಗೆ ಬರುತ್ತದೆ. ಇಂಗ್ಲಿಷ್ ಮತ್ತು ಅಂಕಿಗಳನ್ನು ಟೆಕ್ಸ್ಟ್ ಮೋಡಿನಲ್ಲಿ ಚುರುಕಾಗಿ ಹೊಡೆಯುತ್ತದೆ. ಯೂನಿಕೋಡ್ ಕನ್ನಡವನ್ನು ಚಿತ್ರವಾಗಿ ಮೂಡಿಸಬೇಕಾದ್ದರಿಂದ ನಿಧಾನ, 9 ಪಿನ್ನಿನದ್ದಾದರೆ ಸಣ್ಣ ಒತ್ತಕ್ಷರ ಕಲಸಿಹೋಗುತ್ತದೆ. ಶೀರ್ಷಿಕೆ, ಷರತ್ತುಗಳನ್ನೆಲ್ಲ ಪ್ರೆಸ್ಸಿನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದ ರಸೀದಿ ಕಾಗದ ತಂದು, ಡೇಟಾಬೇಸಿನಿಂದ ಅಂಕಿ ಮತ್ತು ಹೆಸರಷ್ಟನ್ನೇ ತುಂಬಿಸುವುದು ಹಳೆಯ ಕ್ರಮವಾದರೂ ಈಗಲೂ ಲಾಭದ್ದು.

ಥರ್ಮಲ್ ಪ್ರಿಂಟರಿನ 80 ಮಿ.ಮೀ. ಸುರುಳಿಯಲ್ಲಿ ಮುದ್ರಣಕ್ಕೆ ಸಿಗುವ ಅಗಲ ಸುಮಾರು 72 ಮಿ.ಮೀ. ಕೌಂಟರಿಗೆ ಬೇಗ, ಸದ್ದಿಲ್ಲ. ಆದರೆ ಅಕ್ಷರ ಕಾಲಕ್ರಮೇಣ ಮಾಸುತ್ತದೆ. ಸದಸ್ಯರ ಕೈಗೆ ಕೊಡಲು ಆಗಬಹುದು, ಕಚೇರಿಯ ಫೈಲಿಗೆ ಬೇಡ. ಲೇಸರ್‌ನಲ್ಲಿ 'ಮೂಲ', 'ನಕಲು' ಎಂದು ಒಂದೇ ಹಾಳೆಯಲ್ಲಿ ಎರಡು ಬಾರಿ ಮುದ್ರಿಸಿ ನಡುವೆ ಕತ್ತರಿಸುವ ಗೆರೆ ಹಾಕಿಸಿ. ಕಾಗದದ ಅಳತೆ 'ಲೆಟರ್' ಎಂದು ಉಳಿದಿದ್ದರೆ ಉದ್ದ 27.94 ಸೆಂ.ಮೀ.; ಎ4 29.7. ಕೆಳಗಿನ ಸಹಿಯ ಜಾಗ ಜರುಗುವುದು ಈ ವ್ಯತ್ಯಾಸದಿಂದಲೇ.

ನಮ್ಮ ಸಂಘಕ್ಕೆ ನಾನು ಸೂಚಿಸುವುದು

ವಿಂಡೋಸ್ ಯಂತ್ರ, ಒಂದೆರಡು ಕೌಂಟರ್ ಇದ್ದರೆ ಸದಸ್ಯರ ಹಾಳೆ ಮತ್ತು ಬಾಕಿ ಪಟ್ಟಿ ಆಕ್ಸೆಸ್ ರಿಪೋರ್ಟಿನಲ್ಲಿ, ನೋಟಿಸು-ಲೇಬಲ್ ವರ್ಡ್‌ನಲ್ಲಿ, ಎರಡೂ ಒಂದೇ ಕ್ವೆರಿಯಿಂದ. ಬ್ರೌಸರ್ ಪ್ರೋಗ್ರಾಂ ಆಗಲೇ ಇದ್ದರೆ ರಸೀದಿ ಮತ್ತು ಸದಸ್ಯರ ಹಾಳೆಗೆ ಅದರದ್ದೇ ಮುದ್ರಣ ಪುಟ, ದೊಡ್ಡ ಪಟ್ಟಿಗಳಿಗೆ ಸರ್ವರ್ ಪಿಡಿಎಫ್.

ಬರೆದುಕೊಟ್ಟವರಿಗೆ ಕೊನೆಯ ಕಂತು ಕೊಡುವ ಮುಂಚೆ ಅವರು ತೋರಿಸುವ ಮಾದರಿ ಸಾಕೆನ್ನಬೇಡಿ. ನೀವೇ ಆರಿಸಿದ ದಾಖಲೆಗಳನ್ನು ಕಾಗದದ ಮೇಲೆ ತೆಗೆಸಿ: ಅತಿ ಉದ್ದದ ಹೆಸರು-ವಿಳಾಸದ ಸದಸ್ಯರು, ಸಾಲವೇ ಇಲ್ಲದವರು, ಹತ್ತಕ್ಕೂ ಹೆಚ್ಚು ಸಾಲಿನ ಖಾತೆ ಇರುವವರು, 'ಲಕ್ಷ್ಮಮ್ಮ' ಮತ್ತು 'ಮೃತ್ಯುಂಜಯ' ಎಂಬ ಹೆಸರಿನವರು, ಪಟ್ಟಿ ಸರಿಯಾಗಿ ಪುಟದ ಕೊನೆಯ ಸಾಲಿಗೇ ಮುಗಿಯುವ ಒಂದು ಗ್ರಾಮ. ಗ್ರಾಮದ ಮೊತ್ತವೊಂದೇ ಅನಾಥವಾಗಿ ಮುಂದಿನ ಪುಟಕ್ಕೆ ಹೋಗಿ ಕೂತಿದೆಯೇ ಎಂದು ಆ ಕೊನೆಯದರಲ್ಲಿ ನೋಡಿ.